ಅಳತೆಗೆ ಒಂದು ಕೈ

ಕಲ್ಲು ಮೇಷ್ಟ್ರ ಮೊದಲ ವಿಡಿಯೊ ನೋಡಿ ನಾನು ಹಣೆ ಚಚ್ಚಿಕೊಂಡೆ.

ಹನ್ನೆರಡು ನಿಮಿಷ. ಅಷ್ಟು ಹೊತ್ತೂ ಆಸಾಮಿ ಕೈಯಲ್ಲಿದ್ದ ಕಾಗದ ಬಿಟ್ಟು ತಲೆ ಎತ್ತಿರಲಿಲ್ಲ. ನೆತ್ತಿ ಚೆನ್ನಾಗಿ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಮಧ್ಯೆ ಒಮ್ಮೆ ಕೆಮ್ಮಿ, ತಲೆ ಎತ್ತದೆಯೇ ಕ್ಯಾಮೆರಾಗೆ 'ಸಾರಿ' ಎಂದು ಹೇಳಿ, ಮತ್ತೆ ಕಾಗದದೊಳಗೆ ಮುಳುಗಿಬಿಟ್ಟಿದ್ದರು.

ಆನ್‌ಲೈನ್ ಕೋರ್ಸುಗಳನ್ನು ಕಟ್ಟಿ ನಿಲ್ಲಿಸುವುದು ನನ್ನ ಕೆಲಸ. ಮೇಷ್ಟ್ರುಗಳು ಪಾಠ ತರುತ್ತಾರೆ. ಅದನ್ನು ವಾರವಾರಕ್ಕೆ ವಿಂಗಡಿಸಿ, ವಿಡಿಯೊ ಮಾಡಿಸಿ, ಅಭ್ಯಾಸ, ಲೈವ್ ಕ್ಲಾಸು ಎಲ್ಲ ಜೋಡಿಸಿ ಪೋರ್ಟಲ್‌ಗೆ ಏರಿಸುವವಳು ನಾನು. ಪರದೆಯ ಆಚೆ ಕೂತವರಿಗೆ ಈಚೆ ಒಬ್ಬ ಮನುಷ್ಯ ಇದ್ದಾನೆ, ತಮ್ಮನ್ನು ನೋಡುತ್ತಿದ್ದಾನೆ ಅನ್ನಿಸಬೇಕು. ಅನ್ನಿಸದಿದ್ದರೆ ಎರಡನೇ ವಾರಕ್ಕೆ ಅರ್ಧ ಜನ ನಾಪತ್ತೆ. ಹಾಗಾಗಿ ಎಲ್ಲ ಮೇಷ್ಟ್ರುಗಳಿಗೂ ಒಂದೇ ಮಂತ್ರ ಹೇಳಿಕೊಡುತ್ತೇನೆ: ಕ್ಯಾಮೆರಾ ಕಣ್ಣಿನ ಎತ್ತರಕ್ಕಿರಲಿ, ಒಬ್ಬೊಬ್ಬರನ್ನೂ ಹೆಸರು ಹಿಡಿದು ಮಾತಾಡಿಸಿ, ಒಂದು ನಗು ಇರಲಿ.

ಕಲ್ಲು ಮೇಷ್ಟ್ರಿಗೂ ಹೇಳಿದ್ದೆ. ಅವರು ಜೇಬಿನಿಂದ ಪೆನ್ನು ತೆಗೆದು ಕೇಳಿದ್ದರು.

"ನಗು ಎಷ್ಟನೇ ನಿಮಿಷಕ್ಕೆ ಬರಬೇಕು?"

ತಮಾಷೆ ಮಾಡುತ್ತಿದ್ದಾರೇನೋ ಎಂದು ಮುಖ ನೋಡಿದೆ. ಇಲ್ಲ, ಬರೆದುಕೊಳ್ಳಲು ಕಾಯುತ್ತಿದ್ದರು.

'ಕಾಲಡಿಯ ಕಲ್ಲು' ಎಂದು ಕೋರ್ಸಿನ ಹೆಸರು. ಐದು ವಾರ. ಯಾರು ಬೇಕಾದರೂ ಸೇರಬಹುದು. ಅರವತ್ತಮೂರು ಜನ ಸೇರಿದ್ದರು. ಮೊದಲ ವಾರದ ಅಭ್ಯಾಸ ಸುಲಭದ್ದು. ಹತ್ತಿರದಲ್ಲಿ ಸಿಕ್ಕ ಒಂದು ಕಲ್ಲಿನ ಫೋಟೋ ತೆಗೆಯಬೇಕು, ಅಳತೆ ತಿಳಿಯುವಂತೆ ಪಕ್ಕದಲ್ಲಿ ನಮ್ಮ ಕೈ ಇಟ್ಟಿರಬೇಕು, ಕಂಡದ್ದನ್ನು ಬರೆಯಬೇಕು. ಕಳಿಸಿದವರು ನಾಲ್ಕೇ ಜನ. ಆ ನಾಲ್ವರಲ್ಲಿ ಒಬ್ಬಳು ನಾನು.

ಅದು ಆಗಿದ್ದು ಹೀಗೆ. ಪ್ರತಿ ಕೋರ್ಸಿಗೂ ನಾನೊಬ್ಬ ಸುಳ್ಳು ವಿದ್ಯಾರ್ಥಿಯನ್ನು ಸೇರಿಸುತ್ತೇನೆ. ಗುಂಡಿಗಳು ಕೆಲಸ ಮಾಡುತ್ತವೆಯೇ, ಫೋಟೋ ಏರುತ್ತದೆಯೇ ಎಂದು ನೋಡುವುದಕ್ಕೆ. ನಮ್ಮ ಪೋರ್ಟಲ್‌ನಲ್ಲಿ ವಿದ್ಯಾರ್ಥಿಗಳು ಅಡ್ಡಹೆಸರು ಇಟ್ಟುಕೊಂಡೇ ಬರುತ್ತಾರೆ. ಈ ಸಲ ನರ್ಸಮ್ಮ, ಬಸ್ ಡ್ರೈವರ್, ಟೈಲರ್ ಅಜ್ಜಿ ಎಲ್ಲ ಇದ್ದರು. ನನ್ನ ಸುಳ್ಳು ವಿದ್ಯಾರ್ಥಿನಿಗೆ ಅಕ್ಕ ನನ್ನನ್ನು ಕರೆಯುವ ಹೆಸರನ್ನೇ ಇಟ್ಟೆ. ಬೆಂಕಿಪೊಟ್ಟಣ.

ಫೋಟೋ ಬೇಕಿತ್ತು. ಸುತ್ತ ನೋಡಿದೆ. ರೆಕಾರ್ಡಿಂಗ್ ರೂಮಿನ ಬಾಗಿಲು ಮುಚ್ಚಿಕೊಳ್ಳದಂತೆ ಒತ್ತುಕೊಟ್ಟಿದ್ದ ಕಲ್ಲು ಕಣ್ಣಿಗೆ ಬಿತ್ತು. ಪಕ್ಕದಲ್ಲಿ ಎಡಗೈ ಇಟ್ಟು ಫೋಟೋ ಹೊಡೆದು, 'ಕಲ್ಲು ಕಲ್ಲು ಕಲ್ಲು' ಎಂದು ಟೈಪಿಸಿ ಕಳಿಸಿದೆ. ಹಸಿರು ಟಿಕ್ ಬಂತು. ಟೀ ಕುಡಿಯಲು ಹೋದೆ. ಇಂಥ ಖಾತೆ ಸುಳ್ಳು, ಲೆಕ್ಕಕ್ಕೆ ಹಿಡಿಯಬೇಡಿ ಎಂದು ಮೇಷ್ಟ್ರಿಗೆ ಒಂದು ಮೇಲ್ ಹಾಕುವುದು ಪದ್ಧತಿ. ಟೀ ಜೊತೆ ಅದೂ ಗಂಟಲಲ್ಲಿ ಇಳಿದುಹೋಯಿತು.

ಮರುದಿನ ಬೆಂಕಿಪೊಟ್ಟಣಕ್ಕೆ ಒಂದು ಉತ್ತರ ಬಂದಿತ್ತು. ಬರೆದದ್ದಲ್ಲ, ದನಿ. ಏಳು ನಿಮಿಷ.

"ನಮಸ್ಕಾರ ಬೆಂಕಿಪೊಟ್ಟಣ ಅವರೇ. ನೀವು 'ಕಲ್ಲು' ಅಂತ ಮೂರು ಸಲ ಬರೆದಿದ್ದೀರ. ನಾನೂ ಮೂರು ಸಲ ಓದಿದೆ. ಮೊದಲನೇ ಸಲ ಬೇಜಾರಾಯ್ತು. ಎರಡನೇ ಸಲ ನಗು ಬಂತು. ಮೂರನೇ ಸಲ ನಿಮ್ಮ ಫೋಟೋ ನೋಡಿದೆ. ಇಂಥ ಕಲ್ಲು ನೋಡಿದ ಮೇಲೆ ಮನುಷ್ಯನಿಗೆ ಬೇರೆ ಏನು ಮಾತು ಹೊರಡುತ್ತೆ ಹೇಳಿ."

ಇದು ಆ ನೆತ್ತಿಯ ದನಿಯೇ? ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ.

"ಬೂದು ಪಟ್ಟೆ, ಕಪ್ಪು ಪಟ್ಟೆ ಕಾಣ್ತಿದೆಯಲ್ಲ. ಇದು ಮೊದಲು ಬೇರೆ ಏನೋ ಕಲ್ಲಾಗಿತ್ತು. ನೆಲದೊಳಗೆ ಎಷ್ಟೋ ಮೈಲಿ ಕೆಳಗೆ ಹೋಗಿ, ಕಾದು, ಒತ್ತಡಕ್ಕೆ ಸಿಕ್ಕಿ, ಒಳಗಿನ ಹರಳುಗಳೆಲ್ಲ ಸಾಲಾಗಿ ನಿಂತು ಹೀಗಾಗಿದೆ. ಇನ್ನೂರು ಕೋಟಿ ವರ್ಷ ಆಗಿದ್ರೂ ಆಶ್ಚರ್ಯ ಇಲ್ಲ. ಫೋಟೋ ನೋಡಿ ಖಚಿತವಾಗಿ ಹೇಳೋಕಾಗಲ್ಲ. ಆಗ ಭೂಮಿ ಮೇಲೆ ಹುಲ್ಲಿರ್ಲಿಲ್ಲ, ಹಕ್ಕಿ ಇರ್ಲಿಲ್ಲ, ಒಂದೇ ಒಂದು ಕಣ್ಣೂ ಇರ್ಲಿಲ್ಲ. ಇದು ಸುಮ್ನೆ ಕಾಯ್ತಾ ಇತ್ತು. ಇಷ್ಟು ಕಾಲ ಆದ ಮೇಲೆ ಒಬ್ರು ನಿಂತು ಇದನ್ನ ನೋಡಿದ್ದಾರೆ. ಅದು ನೀವು."

ಆಮೇಲೆ ದನಿ ಸ್ವಲ್ಪ ತಗ್ಗಿತು.

"ಪಟ್ಟೆಗಳನ್ನ ಅಡ್ಡಕ್ಕೆ ಕತ್ತರಿಸಿರೋ ಒಂದು ಬಿಳಿ ಗೆರೆ ಇದೆ, ನೋಡಿ. ಕತ್ತರಿಸಿದ್ದು ಯಾವಾಗ್ಲೂ ಕತ್ತರಿಸಿಕೊಂಡಿದ್ದಕ್ಕಿಂತ ಕಿರಿಯದು. ಮೊದಲು ಪಟ್ಟೆ, ಆಮೇಲೆ ಬಿರುಕು, ಆಮೇಲೆ ಬಿರುಕಿನಲ್ಲಿ ತುಂಬಿಕೊಂಡ ಬೆಣಚುಕಲ್ಲು. ನಿಮ್ಮ ಹೆಬ್ಬೆರಳ ಮೇಲಿರೋ ಗಾಯದ ಗುರುತೂ ಹಾಗೇ. ಚರ್ಮದ ಗೆರೆಗಳನ್ನ ಅದು ಕತ್ತರಿಸಿದೆ, ಅಂದ್ರೆ ಗೆರೆಗಳಿಗಿಂತ ಕಿರಿಯದು. ಎಷ್ಟು ವರ್ಷದ್ದು ಅಂತ ನಾನು ಊಹೆ ಮಾಡಲ್ಲ. ನೀವೇ ಹೇಳಿ."

ಡಬ್ಬದ ಮುಚ್ಚಳ ಕೊಯ್ದ ಗಾಯ. ಹತ್ತು ವರ್ಷದ್ದು. ನನ್ನನ್ನು ದಿನವೂ ನೋಡುವವರು ಯಾರೂ ಅದನ್ನು ಕೇಳಿರಲಿಲ್ಲ.

ಎದ್ದು ಹೋಗಿ ಬಾಗಿಲ ಬಳಿ ಕುಕ್ಕರಗಾಲಲ್ಲಿ ಕೂತೆ. ಮೂರು ವರ್ಷದಿಂದ ಕಾಲಲ್ಲಿ ಒದ್ದು ಸರಿಸುತ್ತಿದ್ದ ಕಲ್ಲು. ಅಂಗೈ ಇಟ್ಟರೆ ತಣ್ಣಗಿತ್ತು. ಮೈ ಜುಮ್ಮೆಂದಿತು. ಇನ್ನೂರು ಕೋಟಿ ವರ್ಷ ಕಾದದ್ದನ್ನು ನಾನು ಬಾಗಿಲಿಗೆ ಒತ್ತುಕೊಟ್ಟಿದ್ದೆ.

ಆಗಲೇ ಮೇಷ್ಟ್ರಿಗೆ ನಿಜ ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ ಎರಡನೇ ವಾರ ಆ ದನಿ ನನಗೆ ಬರುವುದಿಲ್ಲ. ಇಷ್ಟೇ ಕಾರಣ, ಇದರ ಮುಂದೆ ಯಾವ ನೆಪವೂ ನನ್ನ ಹತ್ತಿರ ಇಲ್ಲ.

ಕೋರ್ಸಿನ ಮೇಲ್ವಿಚಾರಣೆ ನನ್ನದಾದ್ದರಿಂದ ಉಳಿದ ಮೂವರ ಉತ್ತರಗಳನ್ನೂ ತೆರೆದೆ. ಹೊಟ್ಟೆಕಿಚ್ಚಿನಿಂದಲೇ ತೆರೆದೆ, ಸುಳ್ಳೇಕೆ ಹೇಳಲಿ. ನರ್ಸಮ್ಮನಿಗೆ ಐದು ನಿಮಿಷ, ಡ್ರೈವರ್‌ಗೆ ಎಂಟು, ಟೈಲರ್ ಅಜ್ಜಿಗೆ ಆರು. "ನಿಮ್ಮ ಬೆರಳ ತುದಿಯಲ್ಲಿ ಸೂಜಿ ಚುಚ್ಚಿದ ಗುರುತುಗಳಿವೆ, ಹಾಗಾಗಿ ಹರಳು ಗುರುತಿಸೋದು ನಿಮಗೆ ಕಷ್ಟ ಆಗಲ್ಲ" ಎಂದು ಅಜ್ಜಿಗೆ ಹೇಳಿದ್ದರು. ಮುಖ ಕಾಣದ ಜನರನ್ನು ಈ ಮನುಷ್ಯ ಕೈ ನೋಡಿ ಪರಿಚಯ ಮಾಡಿಕೊಳ್ಳುತ್ತಿದ್ದರು. ನಾನು ವರ್ಷಗಟ್ಟಲೆ ಹೇಳಿಕೊಟ್ಟ ಮಂತ್ರ ಇವರ ಮುಂದೆ ಒಣ ಒಣ ಅನ್ನಿಸಿತು. ಹೊಟ್ಟೆಕಿಚ್ಚು ಎಲ್ಲಿ ಹೋಯಿತೋ ಗೊತ್ತಿಲ್ಲ.

ಎರಡನೇ ವಾರದ ಅಭ್ಯಾಸವನ್ನು ಬೆಂಕಿಪೊಟ್ಟಣ ಎರಡು ಪುಟ ಬರೆದಳು.

ಅದಕ್ಕೆ ಬಂದ ಉತ್ತರವನ್ನು ಮನೆಯಲ್ಲಿ ಕೇಳುತ್ತಿದ್ದಾಗ ಅಕ್ಕ ಅಡುಗೆಮನೆಯಿಂದ ಇಣುಕಿದಳು. "ಯಾರೇ ಅದು, ಇಯರ್‌ಫೋನಲ್ಲಿ?"

"ಕಲ್ಲಿನ ಪಾಠ."

"ಕಲ್ಲಿನ ಪಾಠಕ್ಕೆ ಕೆನ್ನೆ ಯಾಕೇ ಕೆಂಪಗಾಗುತ್ತೆ?"

"ಸೆಕೆ."

"ಫ್ಯಾನ್ ಕೆಳಗೇ ಕೂತಿದ್ದೀಯ" ಎಂದು ಅಕ್ಕ ಒಳಗೆ ಹೋದಳು.

ಎರಡನೇ ವಾರ ಒಂಬತ್ತು ಜನ ಕಳಿಸಿದರು. ನಮ್ಮ ಹೆಡ್ ಮೇಡಂ ನನ್ನನ್ನು ಕರೆದು, "ಮೂರನೇ ವಾರಕ್ಕೆ ಅರ್ಧ ಜನ ಅಭ್ಯಾಸ ಕಳಿಸ್ದೇ ಇದ್ರೆ ಕೋರ್ಸ್ ಮುಚ್ಚೋಣ. ಆ ವಿಡಿಯೊ ನೋಡಿದ್ರೆ ನಂಗೇ ನಿದ್ದೆ ಬರುತ್ತೆ ಕಣಮ್ಮ" ಎಂದರು. ಮೇಡಂ ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ಮೂರನೇ ವಾರದ ರೆಕಾರ್ಡಿಂಗ್. ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ನೆಲ ನೋಡದೆ ಸೀಲಿಂಗ್ ನೋಡದೆ ನೇರ ಹೋಗಿ ಕುರ್ಚಿಯಲ್ಲಿ ಕೂತರು, ಹಲ್ಲು ಕೀಳಿಸಿಕೊಳ್ಳಲು ಬಂದವರಂತೆ. ನಾನು ಅವರ ಕೈಯಿಂದ ಕಾಗದ ಕಿತ್ತುಕೊಂಡೆ.

"ಅಯ್ಯೋ, ಅದಿಲ್ದೆ ಹೇಗೆ?"

"ಅರವತ್ತಮೂರು ಜನಕ್ಕೆ ಪಾಠ ಮಾಡ್ಬೇಡಿ ಸರ್. ಒಬ್ರಿಗೆ ಹೇಳಿ. ಒಬ್ರ ಕೈ ನೋಡ್ಕೊಂಡು ಹೇಳ್ತೀರಲ್ಲ, ಹಾಗೆ."

ನಾಲಿಗೆ ಕಚ್ಚಿಕೊಂಡೆ. ಅವರು ಗಮನಿಸಲಿಲ್ಲ, ಯೋಚಿಸುತ್ತಿದ್ದರು.

"ಒಬ್ರು ಇದ್ದಾರೆ" ಎಂದರು. ಕಿವಿಯ ತುದಿ ಕೆಂಪಾಗಿತ್ತು. "ಬೆಂಕಿಪೊಟ್ಟಣ ಅಂತ. ಮೊದಲು 'ಕಲ್ಲು ಕಲ್ಲು ಕಲ್ಲು' ಅಂತ ಬರೆದಿದ್ರು. ಈಗ ಎರಡು ಪುಟ ಬರೀತಾರೆ. ಅವರಿಗೆ ಹೇಳ್ಲಾ?"

ನನ್ನ ಕೈಯಲ್ಲಿದ್ದ ಲೆನ್ಸಿನ ಮುಚ್ಚಳ ನೆಲಕ್ಕೆ ಬಿತ್ತು.

"ಹೇಳಿ ಸರ್" ಎಂದೆ. ಮುಚ್ಚಳ ಹೆಕ್ಕಲು ಬಗ್ಗಿದೆ.

ಅವರು ತಲೆ ಎತ್ತಿ ಲೆನ್ಸನ್ನು ನೋಡಿದರು. ಲೆನ್ಸಿನ ಹಿಂದೆ ನನ್ನ ಕಣ್ಣಿತ್ತು. ಅವರ ಕಣ್ಣುಗಳು ಜೇನಿನ ಬಣ್ಣದವು ಎಂದು ಮೊದಲ ಬಾರಿಗೆ ತಿಳಿಯಿತು. ನದಿಯೊಂದು ಬೆಟ್ಟವನ್ನು ಹೇಗೆ ಸವೆಸುತ್ತದೆ ಎಂದು ಹೇಳತೊಡಗಿದರು. ಅವಸರವಿಲ್ಲ, ತಡವರಿಕೆ ಇದ್ದರೂ ಅಂಜಿಕೆಯಿಲ್ಲ. ನಡುವೆ ಒಮ್ಮೆ ನಕ್ಕರು. ನಾಲ್ಕನೇ ನಿಮಿಷಕ್ಕೆ. ಯಾರೂ ಬರೆದುಕೊಟ್ಟಿರಲಿಲ್ಲ. ನಾನು ಕ್ಯಾಮೆರಾದ ಹಿಂದೆ ನಿಂತು, ಈ ಲೋಕದಲ್ಲಿ ಇಷ್ಟು ದೊಡ್ಡದೆಲ್ಲ ಇದ್ದೂ ನಾನು ಬರೀ ಗುಂಡಿ ಒತ್ತಿಕೊಂಡಿದ್ದೆನಲ್ಲ ಎಂದುಕೊಂಡೆ. ಅವರ ಮಾತೆಲ್ಲ ನನಗೇ ಎಂದು ನನಗೆ ಗೊತ್ತು. ಅವರಿಗೆ ಗೊತ್ತಿಲ್ಲ. ಸಂತೋಷಕ್ಕೂ ನಾಚಿಕೆಗೂ ಒಟ್ಟಿಗೆ ಕಣ್ಣು ತುಂಬಿತು.

ಆ ವಾರ ಮೂವತ್ತನಾಲ್ಕು ಜನ ಅಭ್ಯಾಸ ಕಳಿಸಿದರು. ಮೇಷ್ಟ್ರು ಮೂವತ್ತನಾಲ್ವರಿಗೂ ದನಿಯಲ್ಲೇ ಉತ್ತರ ಕೊಟ್ಟರು. ಮುಂದಿನ ವಾರ ನಲವತ್ತೊಂದು. ಹೆಡ್ ಮೇಡಂ ಮುಚ್ಚುವ ಮಾತೆತ್ತಲಿಲ್ಲ. ನಾನು ಮಾತ್ರ ದಿನಾ ಬೆಳಿಗ್ಗೆ ಇವತ್ತು ಹೇಳಿಬಿಡುತ್ತೇನೆ ಎಂದುಕೊಂಡು ಆಫೀಸಿಗೆ ಹೋಗಿ, ದಿನಾ ಸಂಜೆ ಹಾಗೇ ವಾಪಸು ಬರುತ್ತಿದ್ದೆ. ಅವರು ನಂಬಿದ್ದ ಒಬ್ಬ ವಿದ್ಯಾರ್ಥಿನಿ ಸುಳ್ಳು ಎಂದು ತಿಳಿದರೆ ಆ ತಲೆ ಮತ್ತೆ ಕಾಗದದೊಳಗೆ ಹೋಗುತ್ತದೆ, ನನ್ನ ಕಡೆಗಂತೂ ಇನ್ನೆಂದೂ ಏಳುವುದಿಲ್ಲ ಎಂಬ ಭಯ.

ಐದನೇ ವಾರದ ಬುಧವಾರ ಕೊನೆಯ ರೆಕಾರ್ಡಿಂಗ್. ಮೇಷ್ಟ್ರಿಗೆ ಕ್ಯಾಮೆರಾದ ಅಂಜಿಕೆ ಹೋಗಿತ್ತು. ಹಾಗಾಗಿ ಮೊದಲ ಬಾರಿಗೆ ನಿಧಾನವಾಗಿ ಒಳಗೆ ಬಂದರು, ಅತ್ತಿತ್ತ ನೋಡುತ್ತಾ ಬಂದರು. ನಾನು ಬಾಗಿಲು ಮುಚ್ಚಲೆಂದು ಬಗ್ಗಿ ಎಡಗೈಯಲ್ಲಿ ಕಲ್ಲನ್ನು ಎತ್ತುತ್ತಿದ್ದೆ. ಈಗೀಗ ಅದನ್ನು ಕಾಲಲ್ಲಿ ಸರಿಸಲು ಮನಸ್ಸು ಬರುತ್ತಿರಲಿಲ್ಲ.

ಅವರ ಹೆಜ್ಜೆ ನಿಂತಿತು.

ಕಲ್ಲನ್ನು ನೋಡಿದರು. ಬಿಳಿ ಗೆರೆಯನ್ನು ನೋಡಿದರು. ಆಮೇಲೆ ನನ್ನ ಹೆಬ್ಬೆರಳನ್ನು ನೋಡಿದರು. ಭೂಮಿಯ ಅಷ್ಟೂ ಕಲ್ಲುಗಳಲ್ಲಿ ಒಂದನ್ನು ಫೋಟೋದಿಂದ ಗುರುತಿಸಬಲ್ಲ ಮನುಷ್ಯನಿಗೆ ಬಾಗಿಲ ಕಲ್ಲಿನ ಫೋಟೋ ಕಳಿಸಿದ ಜಾಣೆ ನಾನು.

"ಸರ್, ನಾನು…"

"ಪರೀಕ್ಷೆ ಮಾಡ್ತಿದ್ರಾ ನನ್ನ?" ಮೆಲ್ಲಗೆ ಕೇಳಿದರು.

"ಇಲ್ಲ ಸರ್. ಪೋರ್ಟಲ್‌ನ ಪರೀಕ್ಷೆ ಮಾಡ್ತಿದ್ದೆ. ಮೊದಲನೇದು ಮಾತ್ರ. ಆಮೇಲಿಂದು ಎಲ್ಲ ನಿಜ."

"ಮೊದಲ ವಾರ ನಾಲ್ಕೇ ಜನ ಬರೆದಿದ್ರು. ಬಿಟ್ಬಿಡೋಣ ಅಂತಿದ್ದೆ. ಯಾರೋ ಸುಮ್ನೆ 'ಕಲ್ಲು ಕಲ್ಲು' ಅಂತ ಬರೆದವರೂ ಎರಡನೇ ವಾರ ವಾಪಸ್ ಬಂದ್ರಲ್ಲ ಅಂತ ಬಿಡ್ಲಿಲ್ಲ."

ಅಷ್ಟು ಹೇಳಿ ಹೊರಟುಹೋದರು. ಬಾಗಿಲನ್ನು ಎಳೆಯಲಿಲ್ಲ. ಎಳೆದಿದ್ದರೂ ಮುಚ್ಚುತ್ತಿರಲಿಲ್ಲ, ನಾನು ಕಲ್ಲು ಹಿಡಿದು ಅಲ್ಲೇ ಕೂತಿದ್ದೆ.

ಎರಡು ದಿನ ಯಾರಿಗೂ ಉತ್ತರ ಬರಲಿಲ್ಲ. ಚರ್ಚೆಯ ಪುಟದಲ್ಲಿ ಟೈಲರ್ ಅಜ್ಜಿ 'ಸರ್ ಆರೋಗ್ಯವಾಗಿದ್ದಾರಾ?' ಎಂದು ಕೇಳಿದರು. ಅದರ ಕೆಳಗೆ ಇಪ್ಪತ್ತೇಳು ಜನ ಅದನ್ನೇ ಕೇಳಿದರು. ಅವರೆಲ್ಲರ ಮೇಷ್ಟ್ರನ್ನು ನಾನು ಕಳೆದುಬಿಟ್ಟಿದ್ದೆ.

ಕೊನೆಯ ಅಭ್ಯಾಸ ಹೀಗಿತ್ತು: ನಿಮ್ಮ ಕಲ್ಲು ಎಲ್ಲಿಂದ ಬಂತು, ಹುಡುಕಿ.

ಶುಕ್ರವಾರ ವಾಚ್‌ಮನ್‌ನನ್ನು ಕೇಳಿದೆ. "ಆ ಕಲ್ಲಾ? ನೀರಿನ ಟ್ಯಾಂಕ್ ಹಿಂದೆ ರಸ್ತೆ ಅಗಲ ಮಾಡಿದ್ರಲ್ಲಮ್ಮ, ಅಲ್ಲಿಂದ ನಾನೇ ತಂದಿದ್ದು" ಎಂದ. ಮಧ್ಯಾಹ್ನ ಹೋದೆ. ರಸ್ತೆಗಾಗಿ ಗುಡ್ಡವನ್ನು ಕಡಿದಿದ್ದರು. ಕಡಿದ ಜಾಗದಲ್ಲಿ ಎರಡಾಳೆತ್ತರದ ಗೋಡೆ, ತುಂಬಾ ಪಟ್ಟೆ. ಬೂದು, ಕಪ್ಪು, ಬೂದು, ಕಪ್ಪು. ಅದನ್ನೆಲ್ಲ ಸೀಳಿಕೊಂಡು ಮೇಲಿಂದ ಕೆಳಕ್ಕೆ ನನ್ನ ತೋಳಿನಷ್ಟು ದಪ್ಪದ ಬಿಳಿ ಗೆರೆ. ಬೈಕುಗಳು, ಲಾರಿಗಳು ಅದರ ಬುಡದಲ್ಲೇ ಓಡಾಡುತ್ತಿದ್ದವು. ಒಬ್ಬರೂ ತಿರುಗಿ ನೋಡುತ್ತಿರಲಿಲ್ಲ. ನಾನೂ ಮೂರು ವರ್ಷ ಇದೇ ದಾರಿಯಲ್ಲಿ ಓಡಾಡಿದ್ದೆ. ಉಸಿರು ಹಿಡಿದು ನಿಂತುಬಿಟ್ಟೆ.

ಎಡಗೈ ಇಟ್ಟು ಫೋಟೋ ತೆಗೆದೆ. ಆಮೇಲೆ ಬೆಂಕಿಪೊಟ್ಟಣದ ಖಾತೆಯಿಂದ, ಇದೇ ಮೊದಲ ಬಾರಿಗೆ, ಬರೆಯದೆ ಮಾತಾಡಿದೆ.

"ಸರ್, ಇದು ಪೋರ್ಟಲ್ ಪರೀಕ್ಷೆ ಅಲ್ಲ. ಕಲ್ಲು ಬಂದಿದ್ದು ನಮ್ಮ ನೀರಿನ ಟ್ಯಾಂಕ್ ಹಿಂದಿನ ಗುಡ್ಡದಿಂದ. ಬೆಂಕಿಪೊಟ್ಟಣ ಅನ್ನೋದು ಸುಳ್ಳು ಹೆಸರೂ ಅಲ್ಲ, ಮನೇಲಿ ನನ್ನ ಹಾಗೇ ಕರೀತಾರೆ. ಗಾಯ ಹತ್ತು ವರ್ಷದ್ದು. ನೀವು ಕೇಳಿದ್ರಿ, ನಾನು ಹೇಳೇ ಇರ್ಲಿಲ್ಲ. ಜನಕ್ಕೆ ಹತ್ತಿರ ಆಗೋದು ಹೇಗೆ ಅಂತ ನಾನು ಎಲ್ಲರಿಗೂ ಪಾಠ ಹೇಳ್ತೀನಿ, ನಾನು ಮಾತ್ರ ಕ್ಯಾಮೆರಾ ಹಿಂದೆ ಬಚ್ಚಿಟ್ಕೊಂಡೆ. ನಿಜ ಹೇಳಿದ್ರೆ ನಿಮ್ಮ ದನಿ ನಿಲ್ಲುತ್ತೆ ಅಂತ ಹೆದರಿದ್ದೆ. ನನ್ನ ಮೇಲಿನ ಕೋಪಕ್ಕೆ ಅವರನ್ನೆಲ್ಲ ಬಿಡ್ಬೇಡಿ. ನಿಮ್ಮ ಮೇಲೆ ನಂಗೆ ಪ್ರೀತಿ ಇದೆ ಸರ್. ಅದಕ್ಕೆ ಮಾರ್ಕ್ಸ್ ಕೊಡ್ಬೇಕಾಗಿಲ್ಲ."

ಹಿನ್ನೆಲೆಯಲ್ಲಿ ಲಾರಿಯ ಹಾರ್ನ್ ಇತ್ತು. ಕತ್ತರಿಸದೆ ಹಾಗೇ ಕಳಿಸಿದೆ.

ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಕೊನೆಯ ಲೈವ್ ಕ್ಲಾಸು. ನಾನು ಆಫೀಸಿನ ಮೇಜಿನ ಮುಂದೆ ಕೂತು ಬಾಗಿಲು ತೆರೆದೆ. ಅಂದರೆ ಪರದೆಯ ಬಾಗಿಲು. ಒಬ್ಬೊಬ್ಬರಾಗಿ ಬಂದರು. ಎಂದಿನಂತೆ ಕಪ್ಪು ಚೌಕಗಳು. ಹನ್ನೊಂದು ದಾಟಿ ನಾಲ್ಕು ನಿಮಿಷ. ಆಮೇಲೆ ಒಂದು ಚೌಕ ಬೆಳಗಿತು. ಮೇಷ್ಟ್ರು. ಕೈಯಲ್ಲಿ ಕಾಗದ ಇರಲಿಲ್ಲ.

"ಎರಡು ದಿನ ಬರಲಿಲ್ಲ. ತಪ್ಪಾಯ್ತು" ಎಂದರು.

ಡ್ರೈವರ್ ಗಂಟಲು ಸರಿಮಾಡಿಕೊಂಡರು. "ಸರ್, ಮುಖ ತೋರಿಸೋಕೆ ನಮಗೆ ಸಂಕೋಚ. ಆದ್ರೆ ಇವತ್ತು ಕೊನೇ ಕ್ಲಾಸು. ಕೈ ಆದ್ರೂ ತೋರಿಸೋಣ ಅಂತ ನಾವೆಲ್ಲ ಮಾತಾಡ್ಕೊಂಡ್ವಿ."

ಕಪ್ಪು ಚೌಕಗಳು ಒಂದೊಂದಾಗಿ ಬೆಳಗಿದವು. ಒಂದೊಂದರಲ್ಲೂ ಒಂದು ಕೈ, ಕೈಯಲ್ಲಿ ಒಂದು ಕಲ್ಲು. ಒರಟು ಕೈ, ಸುಕ್ಕುಗಟ್ಟಿದ ಕೈ, ಹಿಟ್ಟು ಮೆತ್ತಿದ ಕೈ, ಉಗುರಿಗೆ ಬಣ್ಣ ಹಚ್ಚಿದ ಕೈ. ನಲವತ್ತಾರು ಕೈ. ಮೇಷ್ಟ್ರು ಪರದೆಗೆ ಹತ್ತಿರ ಬಗ್ಗಿ, ಹೆಸರು ಓದದೆ, ಕೈ ನೋಡಿಯೇ ಒಬ್ಬೊಬ್ಬರನ್ನೂ ಗುರುತಿಸಿದರು. "ಇದು ನರ್ಸಮ್ಮ. ಸೋಪು ನೀರಿಗೆ ಒಡೆದಿದೆ ನೋಡಿ. ಇದು ಅಜ್ಜಿ. ನಮಸ್ಕಾರ ಅಜ್ಜಿ." ಒಂದೂ ತಪ್ಪಲಿಲ್ಲ. ಅಜ್ಜಿ ಅಳುತ್ತಿರುವುದು ಕೇಳಿಸಿತು.

ಕೊನೆಗೆ ಒಂದು ಚೌಕ ಕಪ್ಪಾಗಿಯೇ ಉಳಿಯಿತು, ಬೆಂಕಿಪೊಟ್ಟಣದ್ದು. ನಾನು ಕ್ಯಾಮೆರಾ ತೆರೆದೆ. ಕೈಯನ್ನಲ್ಲ, ಮುಖವನ್ನು ತೋರಿಸಿದೆ.

ಮೇಷ್ಟ್ರು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಪಾಠ ಶುರುಮಾಡಿದರು.

ಕ್ಲಾಸು ಮುಗಿದು ಅರ್ಧ ಗಂಟೆಗೆ ಬೆಂಕಿಪೊಟ್ಟಣಕ್ಕೆ ಉತ್ತರ ಬಂತು. ಒಂಬತ್ತು ಸೆಕೆಂಡು.

"ಅಭ್ಯಾಸ ಸಿಕ್ತು. ಜಾಗ ನೋಡ್ದೆ ಮಾರ್ಕ್ಸ್ ಹಾಕೋಕಾಗಲ್ಲ. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ, ಟ್ಯಾಂಕ್ ಹಿಂದೆ."

ಭಾನುವಾರ ನಾನು ಒಂಬತ್ತೂವರೆಗೆ ಹೋದೆ. ಅವರು ಅದಕ್ಕೂ ಮೊದಲೇ ಬಂದು, ಗೋಡೆಗೆ ಮುಖ ಹಾಕಿ, ಬೆನ್ನ ಹಿಂದೆ ಕೈಕಟ್ಟಿ ನಿಂತಿದ್ದರು. ನನ್ನ ಹೆಜ್ಜೆ ಕೇಳಿಯೂ ತಿರುಗಲಿಲ್ಲ.

"ಇದೇ" ಎಂದರು. "ಅದೇ ಗೆರೆ."

"ಕೋಪ ಹೋಯ್ತಾ ಸರ್?"

"ಕೋಪ ಅಲ್ಲ." ಕಲ್ಲಿಗೇ ಹೇಳುತ್ತಿರುವಂತೆ ಹೇಳಿದರು. "ಎರಡು ವಾರ ಲೆನ್ಸ್ ನೋಡ್ಕೊಂಡು ಆ ಕೈಯವರ ಜೊತೆ ಮಾತಾಡ್ದೆ. ಮಾತು ಮುಗಿದ ಮೇಲೆ ಲೆನ್ಸ್ ಹಿಂದಿಂದ ನೀವು ತಲೆ ಎತ್ತುತ್ತಿದ್ರಿ. ಇವರೇ ಅವರಾಗಿದ್ರೆ ಎಷ್ಟು ಚೆನ್ನಾಗಿತ್ತು ಅಂತ ಅನ್ಕೊಳ್ತಿದ್ದೆ. ಬುಧವಾರ ಅದು ನಿಜ ಆಯ್ತು. ಹೆದ್ರಿಕೆ ಆಯ್ತು. ಓಡಿಹೋದೆ."

ನಾನು ಹೆಸರಿಗೆ ಬೆಂಕಿಪೊಟ್ಟಣ. ಆ ಹೊತ್ತಿನಲ್ಲಿ ಒಂದು ಕಡ್ಡಿಯೂ ಗೀರಲಿಲ್ಲ.

"ಆದ್ರೆ ಅಭ್ಯಾಸದಲ್ಲಿ ಒಂದು ತಪ್ಪಿದೆ" ಎಂದು ಈಗ ತಿರುಗಿದರು. ಜೇನಿನ ಕಣ್ಣಲ್ಲಿ ತುಂಟತನ ಇತ್ತು. ನಡುವೆ ಲೆನ್ಸು ಇರಲಿಲ್ಲ.

"ಏನು ತಪ್ಪು?"

"ನಿಮ್ಮ ಕೈ ಎಲ್ಲಿಟ್ಟಿದ್ರಿ, ತೋರಿಸಿ."

ಬಿಳಿ ಗೆರೆಯ ಪಕ್ಕ ಎಡಗೈ ಇಟ್ಟೆ.

"ಕಲ್ಲಿನ ಅಳತೆಗೆ ನಿಮ್ಮ ಕೈ ಇದೆ, ಸರಿ" ಎಂದರು. "ನಿಮ್ಮ ಕೈಯ ಅಳತೆಗೆ ಪಕ್ಕದಲ್ಲಿ ಏನೂ ಇಲ್ವಲ್ಲ."

ತಮ್ಮ ಎಡಗೈಯನ್ನು ತಂದು ನನ್ನ ಕೈಯ ಪಕ್ಕದಲ್ಲಿ ಇಟ್ಟರು. ಕಿರುಬೆರಳು ನನ್ನ ಹೆಬ್ಬೆರಳ ಗಾಯಕ್ಕೆ ತಾಗಿತು. ಅಲ್ಲೇ ನಿಂತಿತು. ಮೇಲೆ ಎರಡಾಳೆತ್ತರ ಪಟ್ಟೆಗಳು, ಹಿಂದೆ ರಸ್ತೆ. ಇನ್ನೂರು ಕೋಟಿ ವರ್ಷದ ಗೋಡೆಯ ಮೇಲೆ ಎರಡು ಕೈ ಎಷ್ಟು ಚಿಕ್ಕದಾಗಿ ಕಂಡವೆಂದರೆ ನನಗೆ ನಗು ಬಂತು, ಅವರಿಗೂ ಬಂತು.

"ಫೋಟೋ ತೆಗೀಬೇಕಲ್ವಾ ಸರ್?"

"ತೆಗೀಬೇಕು" ಎಂದರು.

ಫೋಟೋ ತೆಗೆಯಲು ಇಬ್ಬರಿಗೂ ಇನ್ನೊಂದು ಕೈ ಬಿಡುವಾಗಿಯೇ ಇತ್ತು. ಇಬ್ಬರೂ ಫೋನ್ ತೆಗೆಯಲಿಲ್ಲ.